ಅಗಸಿ ಬಾಗಿಲ ಕಿವಿ

ಈ ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ತೀರಾ ಇಳಿದು ಮುಳುಗಿದ ಗುಡಿ ಪೂರ್ತಿ ಹೊರಬಿದ್ದಿದೆ ಎಂದು ಕೇಳಿ, ಗೋಕಾಕದಿಂದ ಬಸ್ಸು ಹಿಡಿದು ಹೋಗಿದ್ದೆ. ದಂಡೆಯಿಂದ ಗುಡಿಯವರೆಗೂ ನೆಲ ಬಿರುಕು ಬಿಟ್ಟಿತ್ತು. ಜನ ಟ್ರ್ಯಾಕ್ಟರಿನಲ್ಲಿ ಕೂತು ನೋಡಲು ಬರುತ್ತಿದ್ದರು. ಇನ್ನೂ ಒಣಗದ ಕೆಸರಿನ ವಾಸನೆ, ಅದರ ಜೊತೆಗೆ ಎಲ್ಲಿಂದಲೋ ಬೋಟಿನ ಡೀಸೆಲ್ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದ ಕೂಡಲೇ ನನ್ನ ಕಾಲು ನಿಂತುಬಿಟ್ಟವು.

ಹಳೇ ಊರಿನ ಅಗಸಿ ಬಾಗಿಲ, ಅಂದರೆ ಊರ ಹೆಬ್ಬಾಗಿಲ, ಹತ್ತಿರ ಒಬ್ಬ ಕೊಡೆ ಹುಗಿದು ಭಜಿ ಕರಿಯುತ್ತಿದ್ದ. ಬಾಗಿಲೆಂದರೆ ಈಗ ಎರಡು ಕಲ್ಲುಕಂಬ ಅಷ್ಟೆ. ಅದರ ಬಾಜೂ ಒಂದು ಚೌಕದ ಕಲ್ಲು. ಅದಕ್ಕೆ ಯಾರೋ ಕುಂಕುಮ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿದ್ದರು.

"ಅಜ್ಜಾರ, ಅದಕ್ಕೂ ಕೈ ಮುಗೀರಿ. ಜಾಗೃತ ಕಲ್ಲದು" ಎಂದ ಭಜಿಯವನು.

"ಏನಪಾ ಅದು?"

"ಗೊತ್ತಿಲ್ಲೇನ್ರಿ? ಹಿಂದಕ ಈ ಡ್ಯಾಮಿನ್ಯಾಗ ಒಂದು ಸಬ್‌ಮರೀನ್ ಹೊಕ್ಕಿತ್ತಂತ. ಕಂಪ್ಯೂಟರ್ ತಂದ ಮಂದಿ ಹುಡುಕಿ ಹುಡುಕಿ ಸುಸ್ತಾದ್ರಂತ. ಕಡೀಕ ಈ ಗುಡಿ ದೇವರ ಅದನ್ನ ಹಿಡದು ಈ ಕಲ್ಲಿಗೆ ಕಟ್ಟಿ ಹಾಕಿದನಂತ!"

"ಯಾರು ಹೇಳಿದ್ರು ನಿನಗ?"

"ಯಾರ್ ಹೇಳೂದೇನ್ರಿ, ಸುತ್ತ ಹತ್ತಳ್ಳಿಗೆ ಗೊತ್ತೈತಿ."

ಬಗ್ಗಿ ನೋಡಿದೆ. ಅದು ಕಲ್ಲಲ್ಲ, ಸಿಮೆಂಟು. ಎಣ್ಣೆ ಡಬ್ಬಿಯ ಮೈಮೇಲಿನ ಗೀರುಗಳು ಅದರ ಮೇಲೆ ಇನ್ನೂ ಮೂಡಿದ್ದವು. ನೆತ್ತಿಯಲ್ಲಿ ತುಕ್ಕು ತಿಂದ ಕಬ್ಬಿಣದ ಬಳೆ. ಅದನ್ನು ಎರಕ ಹಾಕಿದವನು ನಾನು. ಆ ಕಥೆಯನ್ನು ಮೊದಲು ಹೇಳಿದವನೂ ನಾನೇ. ಗೋಕಾಕದ ಚಹಾದಂಗಡಿಗಳಲ್ಲಿ ವರ್ಷಗಟ್ಟಲೆ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಅದು ಸುಳ್ಳು. ನಿಜವಾದ ಕಥೆಯಲ್ಲಿ ನನ್ನ ಒಂದು ತಪ್ಪಿದೆ, ಒಬ್ಬ ಹೆಣ್ಣುಮಗಳ ದೊಡ್ಡ ಗೆಲುವಿದೆ. ತಪ್ಪನ್ನು ಮುಚ್ಚಲು ಹೋಗಿ ಗೆಲುವನ್ನೂ ಮುಚ್ಚಿಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಘೋಡಗೇರಿಯವನು, ಹೆಸರು ನೇಮಣ್ಣ. ಹುಕ್ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹಿಡಕಲ್‌ನಲ್ಲಿ ನೀರಾವರಿ ಖಾತೆಯ ಬೋಟಿನ ಕೆಲಸಕ್ಕೆ ಸೇರಿದವನು ಅಲ್ಲೇ ನಿವೃತ್ತನಾದೆ. ಡೀಸೆಲ್ ಬೋಟಿನ ಮಶಿನ್ ನೋಡಿಕೊಳ್ಳುತ್ತಿದ್ದವನು ಮಸಗುಪ್ಪಿಯ ಲಗಮಣ್ಣ. ಇಬ್ಬರೂ ಒಂದೇ ವಯಸ್ಸಿನವರು. ಮುಳುಗಿದ ಊರು ನಮ್ಮವ್ವನ ತವರು. ಆಣೆಕಟ್ಟಿನ ನೀರು ಬರುವ ಮುಂಚೆ ಅಲ್ಲಿಯ ದೇವರನ್ನು ಹೊಸ ಊರಿಗೆ ಒಯ್ದರು, ಗುಡಿ ಅಲ್ಲೇ ಉಳಿಯಿತು. ಮಳೆಗಾಲ ಕಳೆದರೆ ಅದರ ಶಿಖರವೂ ಕಾಣುತ್ತಿರಲಿಲ್ಲ. ಆದರೆ ಅದು ಎಲ್ಲಿದೆ ಎಂದು ನೀರಿನ ಮೇಲೆ ಓಡಾಡುವ ಎಲ್ಲರಿಗೂ ಗೊತ್ತಿತ್ತು. ಬೋಟು ಗುಡಿಯ ಮೇಲೆ ಬಂದಾಗ ಮಶಿನ್ ಬಂದ್ ಮಾಡಬೇಕು. ಒಂದು ಬೊಗಸೆ ನೀರು ಎತ್ತಿ ಕಣ್ಣಿಗೆ ಒತ್ತಿಕೊಳ್ಳಬೇಕು. ಬೋಟು ತಾನೇ ತೇಲಿ ದಾಟಿದ ಮೇಲೆ ಮತ್ತೆ ಚಾಲೂ. ಅಲ್ಲಿ ಬಲೆ ಬಿಡುವಂತಿಲ್ಲ, ಲಂಗರು ಹಾಕುವಂತಿಲ್ಲ. ಯಾರೂ ಬರೆದಿಟ್ಟ ಕಾಯ್ದೆ ಅಲ್ಲ ಇದು, ಆದರೆ ಮುರಿದವರನ್ನು ನಾನು ನೋಡಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ. ಮಳೆ ಚಲೋ ಆಗಿ ಜಲಾಶಯ ತುಂಬಿತ್ತು. ಸಂಕ್ರಾಂತಿ ಆದ ಮೇಲೆ ನೌಕಾದಳಕ್ಕಾಗಿ ಕೆಲಸ ಮಾಡುವ ಒಂದು ಪ್ರಯೋಗಾಲಯದ ಮಂದಿ ಬಂದರು. ಸಮುದ್ರ ಬಿಟ್ಟು ಇಲ್ಲಿಗ್ಯಾಕೆ ಅಂದರೆ, ಸಮುದ್ರದಲ್ಲಿ ಪ್ರಯೋಗ ಮಾಡುವ ಮುಂಚೆ ನಿಂತ ನೀರಿನಲ್ಲಿ ಮಾಡಿ ನೋಡಬೇಕಂತೆ. ದಂಡೆಯ ಮೇಲಿನ ನಮ್ಮ ಹಳೇ ಗೋದಾಮಿನಲ್ಲಿ ಮೇಜು ಹಾಕಿ, ಕಂಪ್ಯೂಟರ್ ಇಟ್ಟು, ಅದಕ್ಕೆ ಧೂಳು ಕೂರಬಾರದೆಂದು ಹೊದಿಕೆ ಹೊದಿಸಿದರು. ನಮಗೆ ಫ್ಯಾನೇ ಇರಲಿಲ್ಲ, ಅದಕ್ಕೆ ಏಸಿ ಬಂತು.

"ನೋಡಲೇ ನೇಮಣ್ಣಾ, ಮಾವನ ಮನಿ ಅಳಿಯಗ ಇಲ್ಲದ ಉಪಚಾರ ಅದಕ್ಕ" ಎಂದ ಲಗಮಣ್ಣ.

ಆ ಕಂಪ್ಯೂಟರಿನ ಕೆಲಸ ನೋಡುತ್ತಿದ್ದವರು ವಸುಧಾ ಎಂಬ ಮೈಸೂರು ಕಡೆಯ ಹುಡುಗಿ. ಮೂವತ್ತು ತುಂಬಿರಲಿಕ್ಕಿಲ್ಲ. ಸಬ್‌ಮರೀನ್ ಹುಡುಕುವ ಕೆಲಸದವರಾದರೂ ಬೋಟು ಹತ್ತಿದರೆ ವಾಂತಿ. ಒಮ್ಮೆ ಹತ್ತಿ, ನಾಲ್ಕು ಮಾರು ಹೋಗುವುದರೊಳಗೆ ವಾಪಸ್ ತಿರುಗಿಸಿ ಇಳಿದಿದ್ದರು. ಕೆಲಸ ಮುಗಿಯುವವರೆಗೆ ಮತ್ತೆ ಹತ್ತಲಿಲ್ಲ. ಎಲ್ಲ ದಂಡೆಯಿಂದಲೇ.

ಕೆಲಸ ಏನೆಂದು ಒಂದು ದಿನ ನಮ್ಮಿಬ್ಬರಿಗೂ ಪರದೆಯ ಮೇಲೆ ತೋರಿಸಿದರು. ನೀರಿನೊಳಗೆ ಇಡುವ, ಟಿಫಿನ್ ಡಬ್ಬಿಯಂಥ ಉಪಕರಣ. ಅದು ಶಬ್ದ ಕೇಳಿಸಿಕೊಂಡು ತಂತಿಯ ಮೂಲಕ ದಂಡೆಗೆ ಕಳಿಸುತ್ತದೆ. ನಾವು ಅದಕ್ಕೆ ಕಿವಿ ಎಂದೆವು. ಕಡೆಗೆ ಅವರೂ ಹಾಗೇ ಕರೆಯತೊಡಗಿದರು.

"ಇರೋದು ನಾಲ್ಕೇ ಕಿವಿ ನೇಮಣ್ಣ. ನೀರು ಇಷ್ಟೊಂದು. ಎಲ್ಲಿಟ್ಟರೆ ಯಾವ ಕಡೆಯಿಂದ ಬಂದರೂ ಸಿಕ್ಕಿಬೀಳುತ್ತೆ? ಒಂದೊಂದು ಕಡೆ ಮುಳುಗಿಸಿ ನೋಡ್ತಾ ಹೋದರೆ ಜನ್ಮ ಸಾಲಲ್ಲ. ಅದಕ್ಕೆ ನಿಮ್ಮ ಡ್ಯಾಮನ್ನೇ ಇದರೊಳಗೆ ಕಟ್ಟಿದೀನಿ."

ನಿಜ. ಪರದೆಯ ಮೇಲೆ ನಮ್ಮ ಜಲಾಶಯ ಇತ್ತು. ಆಳ, ದಿಬ್ಬ, ಹಳ್ಳ, ಹಳೇ ಊರಿದ್ದ ಏರು, ಎಲ್ಲ ಗೆರೆಗಳಲ್ಲಿ. ಅದರೊಳಗೆ ಆಕೆ ಸುಳ್ಳು ಸಬ್‌ಮರೀನುಗಳನ್ನು ಬಿಡುತ್ತಿದ್ದರು. ಒಂದಾದ ಮೇಲೊಂದು, ಒಂದೊಂದು ಒಂದೊಂದು ದಾರಿಯಲ್ಲಿ. ಪ್ರತಿ ಸಲವೂ ಕಂಪ್ಯೂಟರ್ ಕಿವಿಗಳನ್ನು ಚೂರು ಅತ್ತಿತ್ತ ಸರಿಸಿ, ಯಾರು ತಪ್ಪಿಸಿಕೊಂಡರು ಎಂದು ನೋಡುತ್ತಿತ್ತು. ಬಿಸಿಲಿಗೆ ಮೇಲಿನ ನೀರು ಬೆಚ್ಚಗಾಗುತ್ತದೆ, ತಳದ್ದು ತಣ್ಣಗೇ ಇರುತ್ತದೆ, ಶಬ್ದ ತಣ್ಣನೆಯ ಕಡೆಗೆ ಬಾಗುತ್ತದೆ ಎಂದು ಆಕೆ ಹೇಳಿದರು. ಗುಡ್ಡದ ಹಿಂದೆ ನೆರಳು ಬೀಳುವ ಹಾಗೆ ನೀರಿನೊಳಗಿನ ದಿಬ್ಬದ ಹಿಂದೆ ಶಬ್ದದ ನೆರಳು ಬೀಳುತ್ತದಂತೆ. ಆ ನೆರಳಿನಲ್ಲಿ ಹೊರಟವನು ಯಾರಿಗೂ ಕೇಳಿಸದೆ ದಾಟಿಬಿಡುತ್ತಾನೆ.

ಅದಕ್ಕೆಂದೇ ದಿನಾ ಬೆಳಿಗ್ಗೆ ನಾನೂ ಲಗಮಣ್ಣನೂ ಬೋಟಿನಲ್ಲಿ ಆಚೆ ದಂಡೆಯವರೆಗೆ ಹೋಗಿ, ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಬಿಟ್ಟು, ಬೇರೆ ಬೇರೆ ಆಳದ ನೀರಿನ ಕಾವು ಅಳೆದು ತಂದುಕೊಡುತ್ತಿದ್ದೆವು. ಹೋಗುವ ದಾರಿಯಲ್ಲಿ ಗುಡಿ. ಮಶಿನ್ ಬಂದ್, ಬೊಗಸೆ ನೀರು, ಮತ್ತೆ ಚಾಲೂ.

ಕೆಲವು ವಾರಗಳಾದ ಮೇಲೆ ಕಂಪ್ಯೂಟರ್ ನಾಲ್ಕು ಜಾಗ ತೋರಿಸಿತು. ಮೂರಕ್ಕೆ ತಕರಾರಿರಲಿಲ್ಲ. ನಾಲ್ಕನೆಯದನ್ನು ಬಗ್ಗಿ ಮತ್ತೊಮ್ಮೆ ನೋಡಿದೆ. ಗುಡಿಯ ಅಂಗಳ! ಆ ಏರಿನ ಎರಡೂ ಬಾಜೂ ನೀರು ಎರಡು ತೋಳಿನ ಹಾಗೆ ಚಾಚಿದೆ. ನೆತ್ತಿಯ ಮೇಲೆ ಕೂತರೆ ಎರಡೂ ಕಡೆ ಕೇಳುತ್ತದೆ, ಅದಕ್ಕೇ ಅಲ್ಲಿ.

ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು, 'ಅಲ್ಲಿ ಬ್ಯಾಡ್ರಿ, ನಮ್ಮಲ್ಲಿ ಹಿಂಗ ಪದ್ಧತಿ ಐತಿ' ಅಂತ. ಹೇಳಲಿಲ್ಲ. ಕಲಿತ ಮಂದಿ ನಕ್ಕಾರು ಎಂಬ ನಾಚಿಕೆ ಒಂದು. ಅದಕ್ಕಿಂತ ದೊಡ್ಡದು ಸೊಕ್ಕು. ಅಷ್ಟು ವರ್ಷ ಈ ನೀರಿನ ಮೇಲೆ ಓಡಾಡಿದವನು ನಾನು, ನಿನ್ನೆ ಬಂದ ಈ ಡಬ್ಬಿ ನನಗೆ ಹೇಳುತ್ತದೋ? ಮುಳುಗಿ ಹೋಗುವವನು ಆಳದಲ್ಲಿ ಹೋಗುತ್ತಾನೆ, ಕಿವಿಯೂ ಆಳದಲ್ಲಿರಬೇಕು, ಇಷ್ಟು ಸಾದಾ ಮಾತು ಆಕೆಗೆ ತಿಳಿಯಲಿಲ್ಲವಲ್ಲ ಎಂದುಕೊಂಡೆ.

ದಂಡೆಯ ಮೇಲೆ ನೆಟ್ಟ ಬಾವುಟಗಳನ್ನು ಸಾಲು ಹಿಡಿದು ನೋಡಿ, ಜಾಗ ಗುರುತಿಸಿ ಕಿವಿ ಇಳಿಸುವುದು ನಮ್ಮ ಕೆಲಸ. ಎಣ್ಣೆ ಡಬ್ಬಿಯಲ್ಲಿ ಸಿಮೆಂಟು ತುಂಬಿ ನಾನೇ ಮಾಡಿದ ಭಾರಗಳಿಗೆ ಕಿವಿ ಕಟ್ಟಿ ಮೂರನ್ನು ಸರಿಯಾಗಿ ಇಳಿಸಿದೆವು. ನಾಲ್ಕನೆಯದನ್ನು ಗುಡಿ ದಾಟಿಸಿ, ಬಡಗಣ ಬಾಜೂದ ಹಳೇ ಹಳ್ಳದ ತಳಕ್ಕೆ ಬಿಟ್ಟೆ.

"ಲೇ, ಇದಲ್ಲ ಜಾಗ" ಎಂದ ಲಗಮಣ್ಣ.

"ಗೊತ್ತೈತಿ. ಗುಡಿ ಮ್ಯಾಲ ಸಿಮೆಂಟ್ ಒಗೀಲೇನು? ಇಲ್ಲಿ ಆಳ ಐತಿ, ಇನ್ನೂ ಚಲೋ ಕೇಳತೈತಿ. ನೀ ಸುಮ್ನಿರು."

ದಂಡೆಗೆ ಬಂದು, ಹೇಳಿದ ಜಾಗದಲ್ಲೇ ಇಳಿಸಿದ್ದೇವೆ ಎಂದೆ. "ಥ್ಯಾಂಕ್ಸ್ ನೇಮಣ್ಣ, ನೀವಿಲ್ಲದಿದ್ರೆ ನನ್ನ ಗತಿ ಏನು" ಎಂದರು ಆಕೆ. ಆ ಮಾತು ಈಗಲೂ ಚುಚ್ಚುತ್ತದೆ.

ಪರೀಕ್ಷೆಗೆ ದೊಡ್ಡ ಸಾಹೇಬರು ಬಂದರು. ಹಡಗಿನ ಮೇಲೆ ದುಡಿದು ಬಂದವರು, ಬಿಳಿ ಮೀಸೆ, ಹಿಂದಿ ಮಾತು. ಕಿವಿಗಳನ್ನು ಅಷ್ಟಷ್ಟು ದೂರಕ್ಕೆ ಸಾಲಾಗಿ ಇಡುವ ಹಳೇ ಪದ್ಧತಿಯೇ ಸಾಕು, ಕಂಪ್ಯೂಟರ್ ಆಟ ಎಲ್ಲ ಬರೇ ಖರ್ಚು ಎಂಬುದು ಅವರ ಖಾತ್ರಿ. ಸಬ್‌ಮರೀನಿನ ಹಾಗೆ ಗುಂಯ್‌ಗುಡುವ ಒಂದು ಡಮ್ಮಿ ತಂದಿದ್ದರು. ಅದನ್ನು ನೀರೊಳಗೆ ಮುಳುಗಿಸಿ, ಸದ್ದಿಲ್ಲದ ಹುಟ್ಟಿನ ದೋಣಿಯಿಂದ ಎಳೆಸಬೇಕು. ಯಾವ ದಾರಿ ಎಂದು ಸಾಹೇಬರಿಗೆ ಮತ್ತು ದೋಣಿಯವರಿಗಷ್ಟೇ ಗೊತ್ತು. ಗೋದಾಮಿನೊಳಗೆ, ಕಿಟಕಿ ಮುಚ್ಚಿ ಕೂತ ವಸುಧಾ ಅವರು ಅದು ಎಲ್ಲಿದೆ ಎಂದು ಹೇಳಬೇಕು.

ಆ ದಿನ ಡಮ್ಮಿ ತೆಂಕಣ ತೋಳಿನಲ್ಲಿ ಹೊಕ್ಕು ಆಣೆಕಟ್ಟಿನ ಹತ್ತಿರದವರೆಗೆ ಬಂತು. ಹಳ್ಳದ ಕಿವಿ ಏರಿನ ಮರೆಯಲ್ಲಿತ್ತು, ಆಕೆಗೆ ಏನೂ ಕೇಳಿಸಲಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತು ನಕ್ಕರು. "ಬೇಟಿ, ನಿನ್ನ ಕಂಪ್ಯೂಟರ್ ಒಳಗಿನ ಸಬ್‌ಮರೀನ್ ಸಿಕ್ತು, ನೀರಿನೊಳಗಿನದು ಊಟ ಮಾಡಿ ಮಲಗಿತು." ಇನ್ನೊಂದೇ ಸಲ ನೋಡುತ್ತೇನೆ, ಆಗಲೂ ತಪ್ಪಿದರೆ ಈ ಕೆಲಸ ನಿಲ್ಲಿಸಿ ಎಲ್ಲರೂ ಗಂಟು ಕಟ್ಟಿರಿ ಎಂದರು.

ಮರುದಿನ ಮಧ್ಯಾಹ್ನ ಆಕೆ ನಮ್ಮಿಬ್ಬರನ್ನೂ ಒಳಗೆ ಕರೆದರು. ಕಣ್ಣು ಕೆಂಪಗಿದ್ದವು. ನಾಲ್ಕನೆಯ ಕಿವಿಯಲ್ಲಿ ದಾಖಲಾದದ್ದನ್ನು ಹಾಕಿ, ಹೆಡ್‌ಫೋನ್ ನನ್ನ ಕಿವಿಗೆ ಇಟ್ಟರು. ನಮ್ಮ ಬೋಟಿನ ಸದ್ದು! ದೂರದಿಂದ ಬರುತ್ತದೆ, ಸಣ್ಣಗೆ ಇರುವಾಗಲೇ ಒಮ್ಮೆ ನಿಲ್ಲುತ್ತದೆ. ಚೂರು ಹೊತ್ತು ಮೌನ. ಮತ್ತೆ ಚಾಲೂ ಆಗುತ್ತದೆ. ಆಮೇಲೆ ಜೋರಾಗುತ್ತದೆ.

"ದಿನಾ ಬೆಳಿಗ್ಗೆ ಹೀಗೇ ಇದೆ. ಮೋಟಾರು ಯಾಕೆ ನಿಲ್ಲುತ್ತೆ? ಎಲ್ಲಿ ನಿಲ್ಲಿಸ್ತೀರಿ?"

ನಾವು ನಿಲ್ಲಿಸುವುದು ಗುಡಿಯ ನೆತ್ತಿಯ ಮೇಲೆ. ಕಿವಿ ಗುಡಿಯಲ್ಲಿದ್ದಿದ್ದರೆ ಸದ್ದು ಎಲ್ಲಕ್ಕಿಂತ ಜೋರಾದಾಗ ನಿಲ್ಲಬೇಕಿತ್ತು. ನನ್ನ ತಪ್ಪು ದಿನಾ ಬೆಳಿಗ್ಗೆ ತಾನೇ ದಾಖಲಾಗಿತ್ತು. ಬೋಟು ಹತ್ತದ ಆಕೆಗೆ ನಮ್ಮ ಪದ್ಧತಿ ಗೊತ್ತಿಲ್ಲ, ಅದಕ್ಕೇ ಅದು ಅರ್ಥವಾಗಲಿಲ್ಲ. ಅರ್ಥವಾಗುವ ಜನ ಆ ಕೋಣೆಯಲ್ಲಿ ನಾವಿಬ್ಬರೇ.

ಲಗಮಣ್ಣ ನನ್ನ ಮುಖ ನೋಡಿ, ತಟ್ಟನೆ, "ಡೀಸೆಲ್‌ದಾಗ ಗಾಳಿ ಹೊಗತೈತ್ರಿ ಮೇಡಂ. ಹಳೇ ಮಶಿನ್, ಎಲ್ಲರ ಒಂದ್ ಕಡೆ ನಿಂತಬಿಡತೈತಿ" ಎಂದ.

ಆಕೆ ಅದನ್ನು ನಂಬಿ ತಲೆ ಆಡಿಸಿದರು. "ಹಾಗಾದ್ರೆ ತಪ್ಪು ನನ್ನದೇ. ಏರಿನ ನೆತ್ತಿ ಮೇಲಿರೋ ಕಿವಿಗೆ ತೆಂಕಣದ ಸದ್ದು ಕೇಳಲೇಬೇಕು. ಕೇಳ್ತಿಲ್ಲ ಅಂದ್ರೆ ಬುಡದ ಲೆಕ್ಕವೇ ಸರಿಯಿಲ್ಲ. ಮೂರು ವರ್ಷದ ಕೆಲಸ ನೇಮಣ್ಣ" ಎಂದು ಹೆಡ್‌ಫೋನ್ ತೆಗೆದುಕೊಂಡು ಅದರ ತಂತಿಯನ್ನು ನಿಧಾನವಾಗಿ ಸುತ್ತತೊಡಗಿದರು. ಬಿಟ್ಟು ಹೋಗುವವರು ಸುತ್ತುವ ಹಾಗೆ.

ಹೊರಗೆ ಬಂದೆವು. ಹೊತ್ತು ಮುಳುಗುವುದರೊಳಗೆ ಉಣ್ಣುವುದು ನಮ್ಮ ಮನೆಯ ಪದ್ಧತಿ. ಬುತ್ತಿ ಬಿಚ್ಚಿದವನು ಹಾಗೇ ಮತ್ತೆ ಕಟ್ಟಿಟ್ಟೆ.

"ಹೇಳಿ ಬರತೇನಿ" ಎಂದೆ.

"ನೌಕರಿ ಹೋಕ್ಕೈತಿ, ಹುಚ್ಚಪ್ಪಾ!"

"ನಿನ್ನ ಹೆಸರು ಹೇಳೂದಿಲ್ಲ."

"ಅದಕ್ಕಲ್ಲಲೇ" ಎಂದು ಅವನು ನೆಲ ನೋಡಿದ. ಆಮೇಲೆ ಎದ್ದು, "ನಡಿ, ನಾನೂ ಬರತೇನಿ. ಗಾಳಿ ಹೊಗತೈತಿ ಅಂದಾವ ನಾನ ಅಲ್ಲೇನು" ಎಂದ.

ಎಲ್ಲ ಹೇಳಿದೆ. ಗುಡಿ, ಅವ್ವನ ತವರು, ಬೊಗಸೆ ನೀರು, ಹಳ್ಳ, ನನ್ನ ಸೊಕ್ಕು. ಆಕೆ ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದರು ಕೂಡ.

"ನನಗೆ ನಿದ್ದೆ ಬಂದಿಲ್ಲ, ಗೊತ್ತಾ? ನನ್ನ ಲೆಕ್ಕವನ್ನೇ ನಾನು ನಂಬದ ಹಾಗೆ ಮಾಡಿದ್ರಿ. ಯಾಕೆ ಮೊದಲೇ ಹೇಳಲಿಲ್ಲ?"

"ನಗತೀರಿ ಅಂತ ತಿಳದ್ನಿರಿ. ದೇವರ ಜಾಗಾ ಅಂದ್ರ ನಿಮ್ಮ ಮಶಿನ್‌ಗೆ ಏನ್ ತಿಳೀತೈತ್ರಿ?"

"ದೇವರು ತಿಳಿಯಲ್ಲ. ಆದರೆ 'ಇಲ್ಲಿ ಇಡಬಾರದು' ಅನ್ನೋದು ತಿಳಿಯುತ್ತೆ. ಒಂದು ಸಾಲು ಬರೆದರೆ ಮುಗೀತು! ಬಂಡೆ ಇರೋ ಕಡೆ, ಬಲೆ ಬಿಡೋ ಕಡೆ ಇಡಬೇಡ ಅಂತ ಬರೆದಿಲ್ವಾ? ಹಾಗೇ ಇದು. ನೀವು ಹೇಳಿದ್ರೆ ತಾನೆ ಬರೆಯೋದು?"

ಯಂತ್ರ ನಮ್ಮ ಮಾತು ಕೇಳುವುದಿಲ್ಲ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ನಾನು ಅದಕ್ಕೆ ಹೇಳಿಯೇ ಇರಲಿಲ್ಲ.

ಆಕೆ ಕೂತರು. ಗುಡಿ ಎಲ್ಲಿಂದ ಎಲ್ಲಿಯವರೆಗೆ, ಅಂಗಳ ಎಷ್ಟು ಅಗಲ ಎಂದು ಕೇಳಿದರು. ಅವ್ವ ಹೇಳುತ್ತಿದ್ದ ಗುರುತುಗಳನ್ನೆಲ್ಲ ಹೇಳಿದೆ. ಅಷ್ಟು ಜಾಗದ ಸುತ್ತ ಪರದೆಯ ಮೇಲೆ ಒಂದು ಕೆಂಪು ಗೆರೆ ಬಂತು. ಮತ್ತೆ ಸುಳ್ಳು ಸಬ್‌ಮರೀನುಗಳು ಹೊರಟವು. ಎರಡನೆಯ ದಿನ ಉತ್ತರ ಬಂತು. ನಾಲ್ಕೂ ಕಿವಿ ಜಾಗ ಬದಲಿಸಿದ್ದವು. ಮೂರು ಚೂರು ಚೂರು ಸರಿದಿದ್ದವು. ನಾಲ್ಕನೆಯದು ಏರಿನ ತುದಿಗೆ, ಹಳೇ ಊರಿನ ದಾರಿ ಇಳಿಯುವ ಕಡೆಗೆ ಬಂದಿತ್ತು.

"ಇಲ್ಲಿ ದಿಬ್ಬ ಸ್ವಲ್ಪ ತಗ್ಗಾಗಿದೆ, ಎರಡೂ ಕಡೆ ಕೇಳುತ್ತೆ. ಅಂಗಳದಷ್ಟು ಚೆನ್ನಾಗಲ್ಲ, ಆದರೆ ಉಳಿದ ಮೂರು ಸರಿದು ಆ ಕೊರತೆ ತುಂಬಿಕೊಂಡಿವೆ" ಎಂದರು. "ಏನಿತ್ತು ಇಲ್ಲಿ?"

"ಅಗಸಿ ಬಾಗಿಲ್ರಿ. ಊರಿಗೆ ಯಾರ್ ಬರ್ತಾರ, ಯಾರ್ ಹೋಗ್ತಾರ ಅಂತ ವಾಲೀಕಾರ ಕೂತು ನೋಡೂ ಜಾಗಾ."

ಆಕೆ ಮೊದಲ ಸಲ ಮನಸಾರೆ ನಕ್ಕರು. "ನೋಡಿ, ಊರು ಗೊತ್ತಿಲ್ಲದೇ ವಾಲೀಕಾರನ ಜಾಗ ಹುಡುಕಿದೆ."

ಹಳ್ಳದಲ್ಲಿದ್ದ ಕಿವಿಯನ್ನು ಎತ್ತಲು ಹೋದರೆ ಭಾರ ಕೆಸರಲ್ಲಿ ಹೂತಿತ್ತು. ಹಗ್ಗ ಕೊಯ್ದು ಕಿವಿಯನ್ನಷ್ಟೇ ಬಿಡಿಸಿಕೊಂಡೆವು. ಹೊಸ ಭಾರ ಎರಕ ಹಾಕಿ, ಬಾವುಟ ಎರಡೆರಡು ಸಲ ನೋಡಿ, ಅಗಸಿಯಲ್ಲಿ ಇಳಿಸಿದೆ.

ಸಾಹೇಬರಿಗೆ ಆಕೆ ಹೇಳಿದ್ದು ಇಷ್ಟೇ: "ಜಾಗ ಬದಲಿಸಿದ್ದೇನೆ." ನನ್ನ ಹೆಸರು ಬರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಗೋದಾಮಿನ ಹೊರಗೆ ನಮ್ಮ ನೌಕರರ ಅರ್ಧ ಕಾಲೊನಿಯೇ ನೆರೆದಿತ್ತು. ಒಳಗೆ ಆಕೆ. ಹೊರಗೆ ಸಾಹೇಬರು ಕೈಯಲ್ಲಿ ದುರ್ಬೀನು ಹಿಡಿದು ದೋಣಿ ನೋಡುತ್ತಿದ್ದರು. ಮೊದಲು ತೆಂಕಣ ತೋಳು. ದೋಣಿ ಒಳಗೆ ಬಂದು ಸ್ವಲ್ಪವೇ ಹೊತ್ತಾಗಿತ್ತು, ಒಳಗಿಂದ ಕೂಗು: "ತೆಂಕಣ, ಏರಿನ ಬುಡದಲ್ಲಿ!" ಸಾಹೇಬರ ಹುಬ್ಬು ಮೇಲೆ ಹೋಯಿತು. ಬಾವುಟ ಬೀಸಿ ದೋಣಿಯನ್ನು ತಿರುಗಿಸಿದರು. "ತಿರುಗಿತು, ವಾಪಸ್ ಹೋಗ್ತಿದೆ!" ಬಡಗಣಕ್ಕೆ ಕಳಿಸಿದರು. "ಬಡಗಣ, ಹಳ್ಳದ ಮೇಲೆ!" ಕಡೆಗೆ ಒಂದು ಆಟ ಹೂಡಿದರು. ದೋಣಿಯನ್ನು ಏರಿನ ಮಗ್ಗುಲಿಗೇ ತಂದು, ಡಮ್ಮಿಯನ್ನು ಆಳಕ್ಕೆ ಬಿಟ್ಟು, ಹುಟ್ಟು ಹಾಕದೆ ಗಾಳಿಗೆ ತೇಲಿಸಿದರು. ಒಳಗೆ ಮೌನ. ಲಗಮಣ್ಣ ನನ್ನ ಮುಂಗೈ ಹಿಡಿದು ಹಿಂಡುತ್ತಿದ್ದ.

"ಅಗಸಿ ಬಾಗಿಲು!" ಆಕೆ ಕೂಗಿದರು. "ಅಗಸಿ ಬಾಗಿಲಲ್ಲಿ ನಿಂತಿದೆ!"

ಲಗಮಣ್ಣ ಹಾಕಿದ ಸೀಟಿಗೆ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಸಾಹೇಬರು ದುರ್ಬೀನು ಇಳಿಸಿ, ಒಳಗೆ ಹೋಗಿ, ಎಲ್ಲರ ಮುಂದೆ ಆಕೆಗೆ ಸೆಲ್ಯೂಟ್ ಹೊಡೆದರು. "ಈ ಲೆಕ್ಕ ಇನ್ನು ಸಮುದ್ರಕ್ಕೆ ಹೋಗುತ್ತದೆ" ಎಂದರು. ನಾನು ಸೈಕಲ್ ಹತ್ತಿ ಘಟಪ್ರಭಾವರೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿ ಕರದಂಟು ತಂದು ಹಂಚಿದೆ. ಬಾಯಿ ತುಂಬ ಕರದಂಟು ಇಟ್ಟುಕೊಂಡೇ ಲಗಮಣ್ಣ ಮೈಸೂರು ಮಾತಿನಲ್ಲಿ, "ನೀವಿಲ್ಲದಿದ್ರೆ ನನ್ನ ಗತಿ ಏನು ನೇಮಣ್ಣಾ" ಎಂದು ಅಣಕಿಸಿದ. ಆಕೆಯೂ ನಕ್ಕರು, ನಾನೂ ನಕ್ಕೆ. ನಗುವಾಗ ನನ್ನ ಕಣ್ಣು ತುಂಬಿದ್ದವು.

ಹೊರಡುವ ಮುನ್ನಾದಿನ ಆಕೆ ಬೋಟು ಹತ್ತುತ್ತೇನೆಂದರು. ಕೈಯಲ್ಲಿ ನಿಂಬೆಹಣ್ಣು ಹಿಡಿದು, ಕಣ್ಣು ಮುಚ್ಚಿ ಕೂತರು. ಗುಡಿಯ ಮೇಲೆ ಬಂದಾಗ ಲಗಮಣ್ಣ ಮಶಿನ್ ಬಂದ್ ಮಾಡಿದ. ಆಕೆ ಕಣ್ಣು ತೆರೆದು, ಬಗ್ಗಿ ಒಂದು ಬೊಗಸೆ ನೀರು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ವಾಂತಿ ಮಾಡಿದರು, ಆದರೆ ಗುಡಿ ದಾಟುವವರೆಗೆ ತಡೆದುಕೊಂಡಿದ್ದರು.

ಅವರು ಹೋದ ಮೇಲೆ ಊರವರು ಕೇಳತೊಡಗಿದರು, ಏನಾಯಿತು, ಹೇಗೆ ಸಿಕ್ಕಿತು ಎಂದು. ನಿಜ ಹೇಳಿದರೆ ಹಳ್ಳದ ಮಾತೂ ಬರುತ್ತಿತ್ತು. ಅದಕ್ಕೆ ದೇವರ ಹೆಸರು ಹೇಳಿದೆ. ಜನ ಮೆಚ್ಚಿದರು. ಹೇಳುತ್ತ ಹೇಳುತ್ತ ಆಕೆ ಕಥೆಯಿಂದಲೇ ಹೊರಬಿದ್ದರು. ಅಂಜಿಕೆಯಿಂದ ಒಮ್ಮೆ ಮಾಡಿದ್ದನ್ನು ಆಮೇಲೆ ಚಪ್ಪಾಳೆಯ ಆಸೆಗೆ ಮಾಡುತ್ತ ಹೋದೆ.

ಇದನ್ನೆಲ್ಲ ಆ ದಿನ ಭಜಿಯವನ ಮುಂದೆ, ಟ್ರ್ಯಾಕ್ಟರಿನಿಂದ ಇಳಿದ ಜನದ ಮುಂದೆ ಹೇಳಿದೆ. ಅವನು ಭಜಿ ತೆಗೆಯುವ ಝಾರಿ ಎತ್ತಿ ಹಿಡಿದೇ ಕೇಳಿದ, ಎಣ್ಣೆಯಲ್ಲಿದ್ದ ಭಜಿ ಕರಕಾದವು.

"ಅಜ್ಜಾರ, ಖರೆ ಹೇಳ್ತೇನಿ ಸಿಟ್ಟಾಗಬ್ಯಾಡ್ರಿ. ನಿಮ್ಮ ಕಥಿಗಿಂತ ನಮ್ಮ ಕಥಿನ ಚಲೋ ಇತ್ತು."

"ನಿಮ್ಮದೂ ನಂದ ಕಥಿನಪಾ. ಅದನ್ನ ವಾಪಸ್ ತಗೋಳಾಕ ಬಂದೇನಿ."

ಅವನು ನಕ್ಕ. ಆಮೇಲೆ ಆ ಸಿಮೆಂಟಿನ ಕಡೆ ನೋಡಿ, "ಹಂಗಾರ ಆಕಿ ಹೆಸರೇನಂದ್ರಿ?" ಎಂದ.

"ವಸುಧಾ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಬಸ್ಸಿಗೆ ಹೊರಟಾಗ ಹಿಂದೆ ಅವನ ದನಿ ಕೇಳಿಸಿತು. ಹೊಸದಾಗಿ ಬಂದ ಗಿರಾಕಿಗಳಿಗೆ ಕೈ ತೋರಿಸಿ ಹೇಳುತ್ತಿದ್ದ: "ಅದೈತಲ್ರಿ, ವಸುಧಾ ಅಂತ ಮೈಸೂರು ಕಡೀ ಹೆಣ್ಣಮಗಳು ಇಡಿಸಿದ್ದು..."

ಅಗಸಿಯ ಸಿಮೆಂಟು ಹೀಗೆ ಹೊರಗೆ ಬಂತು, ಎಲ್ಲರೂ ನೋಡಿದರು. ಅದರ ಜೊತೆಯ ಇನ್ನೊಂದು ಹಳ್ಳದ ತಳದ ಕೆಸರಿನಲ್ಲಿದೆ. ಲಗಮಣ್ಣ ತೀರಿಹೋದ ಮೇಲೆ ನಮ್ಮ ಕಡೆ ಅದು ಗೊತ್ತಿದ್ದವನು ನಾನೊಬ್ಬನೇ. ಎಂಥ ಬೇಸಿಗೆ ಬಂದರೂ ಅಲ್ಲಿಯವರೆಗೆ ನೀರು ಇಳಿಯುವುದಿಲ್ಲ. ಅದಕ್ಕೇ ಅದನ್ನು ನಾನೇ ಹೇಳಬೇಕಾಯಿತು.